ರಿಸೈಕಲ್ ಬಿನ್‌ಗೆ ಬಾರದ ಫೈಲುಗಳು

ಲೆಕ್ಕಪರಿಶೋಧಕರ ಕಚೇರಿ, ಡಿಟಿಪಿ ಅಂಗಡಿ, ಶಾಲೆ, ಸಹಕಾರ ಸೊಸೈಟಿ ಎಲ್ಲ ಕಡೆಯೂ ಈಗ ಒಂದು ಕಂಪ್ಯೂಟರಿನ ಫೋಲ್ಡರನ್ನು ಶೇರ್ ಮಾಡಿ, ಮಿಕ್ಕ ನಾಲ್ಕೈದು ಕಂಪ್ಯೂಟರುಗಳಲ್ಲಿ ಅದನ್ನೇ ‘ಝಡ್ ಡ್ರೈವ್’ ಎಂದೋ ‘ವೈ ಡ್ರೈವ್’ ಎಂದೋ ಹಾಕಿಕೊಂಡು ಕೆಲಸ ಮಾಡುವುದು ಮಾಮೂಲು. ಕೂತು ಕೆಲಸ ಮಾಡುವವರಿಗೆ ಅದು ಸಿ, ಡಿ ಡ್ರೈವ್‌ಗಳ ಪಕ್ಕದಲ್ಲಿರುವ ಇನ್ನೊಂದು ಡ್ರೈವ್, ಅಷ್ಟೇ. ತೆರೆಯುವುದು, ಉಳಿಸುವುದು, ಕಾಪಿ ಮಾಡುವುದು ಎಲ್ಲ ಒಂದೇ ಥರ. ವ್ಯತ್ಯಾಸ ತಿಳಿಯುವುದು ಏನನ್ನಾದರೂ ಡಿಲೀಟ್ ಮಾಡಿ, ಆಮೇಲೆ ಅದು ಬೇಕಾದಾಗ.

ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶವನ್ನೇ ತೆಗೆದುಕೊಳ್ಳಿ. ಪ್ರತಿ ಕಂಪನಿಯ ಲೆಕ್ಕವನ್ನೂ ಅದು 10000, 10001 ಎಂಬಂಥ ಬರೀ ಅಂಕಿಯ ಹೆಸರಿನ ಫೋಲ್ಡರಿನಲ್ಲಿ ಇಡುತ್ತದೆ. ಯಾವ ಗಿರಾಕಿಯದು, ಯಾವ ವರ್ಷದ್ದು ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಡಿಸ್ಕ್ ತುಂಬಿತೆಂದು ಹಳೆಯದನ್ನೆಲ್ಲ ಗುಡಿಸಲು ಹೊರಟವರ ಕಣ್ಣಿಗೆ ಇಂಥ ಫೋಲ್ಡರು ಕಸದಂತೆಯೇ ಕಾಣುತ್ತದೆ. ಝಡ್ ಡ್ರೈವ್‌ನಲ್ಲಿ ಅದನ್ನು ಅಳಿಸಿ, ಎಡವಟ್ಟು ಗೊತ್ತಾದ ಮೇಲೆ ರಿಸೈಕಲ್ ಬಿನ್ ತೆರೆದರೆ ಅಲ್ಲಿ ಏನೂ ಇರುವುದಿಲ್ಲ. ಸರ್ವರ್ ಇರುವ ಕೋಣೆಗೆ ಓಡಿಹೋಗಿ ಅದರ ಬಿನ್ ತೆರೆದರೂ ಇಲ್ಲ. ಕಂಟ್ರೋಲ್-ಝಡ್ ಒತ್ತಿದರೂ ಬರುವುದಿಲ್ಲ. ಕಂಪ್ಯೂಟರ್ ಕೆಟ್ಟಿಲ್ಲ, ವೈರಸ್ಸೂ ಬಂದಿಲ್ಲ. ವಿಂಡೋಸ್ ಮೊದಲಿನಿಂದಲೂ ಕೆಲಸ ಮಾಡುವುದೇ ಹೀಗೆ.

## ಬಿನ್ ಯಾರ ಕೈಯಲ್ಲಿದೆ?

ರಿಸೈಕಲ್ ಬಿನ್ 1995ರಲ್ಲಿ ವಿಂಡೋಸ್ 95ರ ಜೊತೆ ಬಂತು. ಆ್ಯಪಲ್‌ನ ಲೀಸಾ ಕಂಪ್ಯೂಟರಿನಲ್ಲಿ 1983ರಲ್ಲೇ ಕಸದ ಬುಟ್ಟಿಯ ಚಿತ್ರವಿತ್ತು. ವಿಂಡೋಸ್ 95ಕ್ಕೂ ಮುಂಚಿನ ಡಾಸ್ ಬಳಕೆದಾರರಿಗೆ ಬುಟ್ಟಿ ಇರಲಿಲ್ಲ. 1991ರ ಎಂಎಸ್-ಡಾಸ್ 5ರಲ್ಲಿ ‘ಅನ್‌ಡಿಲೀಟ್’ ಎಂಬ ಆಜ್ಞೆ ಸಿಕ್ಕಿತು. ಡಾಸ್ ಫೈಲನ್ನು ಅಳಿಸುವಾಗ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಹಾಕಿ ಬಿಡುತ್ತಿತ್ತು. ಹಾಗಾಗಿ ಫೈಲನ್ನು ವಾಪಸ್ ತರುವಾಗ ಮೊದಲಕ್ಷರ ಯಾವುದಿತ್ತೆಂದು ನಮ್ಮನ್ನೇ ಕೇಳುತ್ತಿತ್ತು. ನೆಟ್‌ವರ್ಕ್ ಡ್ರೈವ್‌ಗಳ ಮೇಲೆ ಆ ಆಜ್ಞೆಯೂ ನಡೆಯುತ್ತಿರಲಿಲ್ಲ.

ಬಿನ್ ಡಿಸ್ಕಿನ ಗುಣ ಎಂದು ಹಲವರು ಭಾವಿಸುತ್ತಾರೆ. ಅದು ವಿಂಡೋಸ್‌ನ ಎಕ್ಸ್‌ಪ್ಲೋರರ್ ತಂತ್ರಾಂಶ ಮಾಡುವ ಕೆಲಸ. ನೀವು ಡಿ ಡ್ರೈವ್‌ನಲ್ಲಿ ಒಂದು ಫೈಲನ್ನು ಆರಿಸಿ ಡಿಲೀಟ್ ಒತ್ತಿದಾಗ ಎಕ್ಸ್‌ಪ್ಲೋರರ್ ಅದನ್ನು ಅಳಿಸುವುದೇ ಇಲ್ಲ. ಬೇಡವಾದ ಪಾತ್ರೆಯನ್ನು ಅದೇ ಮನೆಯ ಅಟ್ಟಕ್ಕೆ ಹಾಕುವಂತೆ, ಅದೇ ಡ್ರೈವ್‌ನ ಬೇರಿನಲ್ಲಿರುವ ‘$ರಿಸೈಕಲ್.ಬಿನ್’ ಎಂಬ ಅಡಗಿದ ಫೋಲ್ಡರಿಗೆ ಸಾಗಿಸುತ್ತದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಎನ್‌ಟಿಎಫ್‌ಎಸ್ ಎಂಬ ಫೈಲು ವ್ಯವಸ್ಥೆಯ ಡಿಸ್ಕುಗಳಲ್ಲಿ ಈ ಫೋಲ್ಡರಿಗೆ ‘ರಿಸೈಕ್ಲರ್’ ಎಂದು ಹೆಸರಿತ್ತು. ಪ್ರತಿ ಬಳಕೆದಾರರಿಗೂ ಅದರೊಳಗೆ ಅವರ ಗುರುತಿನ ಸಂಖ್ಯೆಯ ಒಂದು ಉಪಫೋಲ್ಡರು ಇರುತ್ತದೆ. ಒಳಗೆ ಹೋದ ಫೈಲು ಎರಡಾಗುತ್ತದೆ. ‘$ಆರ್’ ಎಂದು ಶುರುವಾಗುವುದು ಫೈಲಿನ ನಿಜವಾದ ಒಡಲು. ‘$ಐ’ ಎಂದು ಶುರುವಾಗುವ ಪುಟ್ಟದರಲ್ಲಿ ಮೂಲ ಹೆಸರು, ಎಲ್ಲಿತ್ತು, ಎಷ್ಟು ದೊಡ್ಡದು, ಯಾವಾಗ ಅಳಿಸಿದ್ದು ಎಂಬ ವಿವರ ಇರುತ್ತದೆ. ಎರಡು ಜಿಬಿಯ ವಿಡಿಯೊ ಕೂಡ ಕ್ಷಣಾರ್ಧದಲ್ಲಿ ಬಿನ್‌ಗೆ ಹೋಗುವುದು ಇದಕ್ಕೇ: ಒಂದೇ ಡ್ರೈವ್‌ನೊಳಗೆ ಹೆಸರು ಮತ್ತು ವಿಳಾಸ ಬದಲಾಗುತ್ತದೆಯೇ ಹೊರತು ಒಂದು ಬೈಟೂ ಕದಲುವುದಿಲ್ಲ.

ಎಕ್ಸ್‌ಪ್ಲೋರರ್ ಹಾಗೆ ನಡೆದುಕೊಳ್ಳದ ಕಡೆ ಬಿನ್ ಕೂಡ ಇಲ್ಲ. ಶಿಫ್ಟ್-ಡಿಲೀಟ್ ಒತ್ತಿದರೆ ಇಲ್ಲ. ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಅಳಿಸಿದರೆ ಇಲ್ಲ. ಪೆನ್ ಡ್ರೈವ್‌ನಿಂದ ಅಳಿಸಿದ್ದಕ್ಕೆ ಸಾಮಾನ್ಯವಾಗಿ ಇಲ್ಲ. ಬಿನ್‌ಗೆ ಗೊತ್ತುಮಾಡಿದ ಗಾತ್ರಕ್ಕಿಂತ ದೊಡ್ಡ ಫೈಲಾದರೆ ಇಲ್ಲ. ಬಿನ್‌ನ ಪ್ರಾಪರ್ಟೀಸ್‌ನಲ್ಲಿ ‘ಬಿನ್‌ಗೆ ಹಾಕದೆ ಕೂಡಲೇ ಅಳಿಸು’ ಎಂಬುದಕ್ಕೆ ಯಾರೋ ಟಿಕ್ ಹಾಕಿದ್ದರೂ ಇಲ್ಲ.

## ತಂತಿಯ ಆ ತುದಿಯಲ್ಲಿ ನಡೆಯುವುದು

ವಿಂಡೋಸ್ ಕಂಪ್ಯೂಟರುಗಳು ಫೈಲು ಹಂಚಿಕೊಳ್ಳಲು ಬಳಸುವ ಭಾಷೆ ಎಸ್‌ಎಂಬಿ. ಐಬಿಎಂನಲ್ಲಿದ್ದ ಬ್ಯಾರಿ ಫೈಗನ್‌ಬಾಮ್ ಅದನ್ನು 1983ರ ಸುಮಾರಿಗೆ ರೂಪಿಸಿದರು. ವಿಂಡೋಸ್‌ನ ಬಿನ್‌ಗಿಂತ ಹನ್ನೆರಡು ವರ್ಷ ಹಿರಿಯದು. ಆ ಭಾಷೆಯಲ್ಲಿ ‘ತೆರೆ’, ‘ಓದು’, ‘ಬರೆ’, ‘ಹೆಸರು ಬದಲಿಸು’, ‘ಅಳಿಸು’ ಎಂಬ ಮಾತುಗಳಿವೆ. ‘ಬಿನ್‌ಗೆ ಹಾಕು’ ಎಂಬ ಮಾತಿಲ್ಲ. ನೀವು ಝಡ್ ಡ್ರೈವ್‌ನಲ್ಲಿ ಡಿಲೀಟ್ ಒತ್ತಿದಾಗ ನಿಮ್ಮ ಕಂಪ್ಯೂಟರು ಸರ್ವರಿಗೆ ‘ಈ ಫೈಲನ್ನು ಮುಚ್ಚಿದ ಕೂಡಲೇ ತೆಗೆದುಹಾಕು’ ಎಂದು ಹೇಳುತ್ತದೆ. ಸರ್ವರ್ ಹಾಗೇ ಮಾಡುತ್ತದೆ. ಈ ಕೆಲಸದಲ್ಲಿ ಸರ್ವರಿನ ಎಕ್ಸ್‌ಪ್ಲೋರರಿನ ಪಾತ್ರವೇ ಇರುವುದಿಲ್ಲ, ಹಾಗಾಗಿ ಅದರ ಬಿನ್‌ಗೂ ಸುದ್ದಿ ಮುಟ್ಟುವುದಿಲ್ಲ. ನಿಮ್ಮ ಕಂಪ್ಯೂಟರಿನ ಬಿನ್‌ಗೆ ಹಾಕಬೇಕೆಂದರೆ ಇಡೀ ಫೈಲನ್ನು ತಂತಿಯ ಮೇಲೆ ಈಚೆಗೆ ಎಳೆದು ತರಬೇಕಾಗುತ್ತದೆ; ವಿಂಡೋಸ್ ಆ ಗೋಜಿಗೆ ಹೋಗುವುದಿಲ್ಲ.

ಸೂಚನೆ ಸಿಗದೆ ಏನಿಲ್ಲ. ವಿಂಡೋಸ್ 8ರಿಂದ ಈಚೆಗೆ ಸ್ವಂತ ಡಿಸ್ಕಿನ ಫೈಲನ್ನು ಅಳಿಸಿದರೆ ಅದು ಏನನ್ನೂ ಕೇಳದೆ ಬಿನ್‌ಗೆ ಹೋಗುತ್ತದೆ. ನೆಟ್‌ವರ್ಕ್ ಫೈಲಾದರೆ ಮಾತ್ರ ಒಂದು ಪೆಟ್ಟಿಗೆ ಎದ್ದು, ಈ ಫೈಲನ್ನು ಶಾಶ್ವತವಾಗಿ ಅಳಿಸಲೇ ಎಂದು ಕೇಳುತ್ತದೆ. ಆ ಒಂದು ಪದವೇ ಎಚ್ಚರಿಕೆಯ ಗಂಟೆ. ಆದರೆ ದಿನಕ್ಕೆ ಐವತ್ತು ಸಲ ಇಂಥ ಪೆಟ್ಟಿಗೆಗಳಿಗೆ ಎಂಟರ್ ಹೊಡೆಯುವ ಕೈಗೆ ಅದನ್ನು ಓದುವ ಪುರುಸೊತ್ತು ಎಲ್ಲಿಯದು? ಮ್ಯಾಕ್‌ನಲ್ಲೂ ಸರ್ವರ್ ಫೋಲ್ಡರಿನಿಂದ ಅಳಿಸಲು ಹೊರಟರೆ ‘ಇದು ಕೂಡಲೇ ಹೋಗುತ್ತದೆ, ಹಿಂದಿರುಗಿಸಲಾಗದು’ ಎಂಬ ಅರ್ಥದ ಎಚ್ಚರಿಕೆಯೇ ಬರುತ್ತದೆ.

ತಮಾಷೆಯೆಂದರೆ ಹಳೆಯ ಕಾಲದ ಸರ್ವರುಗಳು ಈ ವಿಷಯದಲ್ಲಿ ಹೆಚ್ಚು ಉದಾರವಾಗಿದ್ದವು. ತೊಂಬತ್ತರ ದಶಕದಲ್ಲಿ ಬ್ಯಾಂಕು, ಕಾರ್ಖಾನೆಗಳಲ್ಲೆಲ್ಲ ಇದ್ದ ನಾವೆಲ್ ಕಂಪನಿಯ ನೆಟ್‌ವೇರ್ ಸರ್ವರ್, ಅಳಿಸಿದ ಫೈಲುಗಳನ್ನು ಜಾಗ ಸಾಲದಾಗುವ ತನಕ ತಾನೇ ಇಟ್ಟುಕೊಂಡಿರುತ್ತಿತ್ತು. ‘ಸ್ಯಾಲ್ವೇಜ್’ ಎಂಬ ಸೌಲಭ್ಯ ತೆರೆದರೆ ಏನು ಹೋಗಿದೆ, ಯಾವಾಗ ಹೋಗಿದೆ, ಯಾರು ಅಳಿಸಿದರು ಎಂಬುದರ ಪಟ್ಟಿಯೇ ಬರುತ್ತಿತ್ತು. ಫೋಲ್ಡರೇ ಅಳಿದು ಹೋಗಿದ್ದರೆ ಅದರ ಫೈಲುಗಳು ‘ಡಿಲೀಟೆಡ್.ಸೇವ್’ ಎಂಬ ಅಡಗುತಾಣದಲ್ಲಿ ಸಿಗುತ್ತಿದ್ದವು. ಯಾರ ಕಂಪ್ಯೂಟರಿನಿಂದ, ಯಾವ ತಂತ್ರಾಂಶದಿಂದ ಅಳಿಸಿದರೂ ಸರಿಯೇ, ಕಾಯುವ ಕೆಲಸ ಸರ್ವರಿನದೇ ಆಗಿತ್ತು. ಅದನ್ನು ಬಿಟ್ಟು ವಿಂಡೋಸ್ ಸರ್ವರಿಗೆ ಬಂದವರು ಕಳೆದುಕೊಂಡದ್ದು ಇದನ್ನೇ.

## ಫೈಲು ಹೋಯಿತು ಎಂದು ಗೊತ್ತಾದ ಕೂಡಲೇ

ಮೊದಲು ಎಲ್ಲರಿಗೂ ಒಂದು ಮಾತು ಹೇಳಬೇಕು: ಆ ಶೇರ್‌ಗೆ ಸದ್ಯಕ್ಕೆ ಹೊಸದೇನನ್ನೂ ಬರೆಯಬೇಡಿ. ಹೊಸದಾಗಿ ಸ್ಕ್ಯಾನ್ ಮಾಡಿದ ಹತ್ತು ಪುಟ ಕೂಡ ಅಳಿದ ಫೈಲಿನ ಜಾಗದ ಮೇಲೆ ಕೂತುಬಿಡಬಹುದು.

ಎರಡನೆಯದು, ಅಳಿದಿದೆಯೆಂದು ಖಾತರಿ ಮಾಡಿಕೊಳ್ಳುವುದು. ‘ಡಿಲೀಟ್ ಆಗಿದೆ’ ಎಂದು ಬರುವ ದೂರುಗಳಲ್ಲಿ ಸಾಕಷ್ಟು ನಿಜಕ್ಕೂ ಡಿಲೀಟ್ ಅಲ್ಲ. ಮೌಸ್ ಒತ್ತಿಹಿಡಿದ ಬೆರಳು ಜಾರಿ, ಒಂದು ಫೋಲ್ಡರು ಪಕ್ಕದ ಫೋಲ್ಡರಿನ ಹೊಟ್ಟೆಗೆ ಸೇರಿರುತ್ತದೆ. ಒಂದೇ ಶೇರ್‌ನೊಳಗಿನ ಸ್ಥಳಾಂತರಕ್ಕೆ ಸಮಯವೇ ಬೇಡವಾದ್ದರಿಂದ ಅದು ಕಣ್ಣಿಗೂ ಬೀಳುವುದಿಲ್ಲ. ಶೇರ್‌ನ ಬೇರಿನಿಂದಲೇ ಹೆಸರು ಹಿಡಿದು ಹುಡುಕಿ. ಎಕ್ಸ್‌ಪ್ಲೋರರಿನಲ್ಲಿ ಅಡಗಿದ ಫೈಲುಗಳನ್ನು ಕಾಣುವಂತೆ ಮಾಡಿಕೊಂಡು ಹುಡುಕಿದರೆ ಇನ್ನೂ ಒಳ್ಳೆಯದು. ಆ ಜರುಗಾಟ ಮಾಡಿದವರ ಕಂಪ್ಯೂಟರು ಇನ್ನೂ ಆಫ್ ಆಗಿಲ್ಲದಿದ್ದರೆ ಅಲ್ಲಿ ಕಂಟ್ರೋಲ್-ಝಡ್ ಒತ್ತಿದರೆ ಸ್ಥಳಾಂತರ ಹಿಂದಿರುಗಲೂಬಹುದು. ಡಿಲೀಟ್ ಹಿಂದಿರುಗದು, ಸ್ಥಳಾಂತರ ಹಿಂದಿರುಗುತ್ತದೆ.

ಮೂರನೆಯ ಪ್ರಶ್ನೆಯೇ ಮುಖ್ಯವಾದದ್ದು: ಈ ಝಡ್ ಡ್ರೈವ್ ನಿಜಕ್ಕೂ ಯಾವ ಯಂತ್ರದ ಮೇಲಿದೆ? ಕಚೇರಿಗಳಲ್ಲಿ ಇದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಹಾಕಿಕೊಟ್ಟ ಹಾರ್ಡ್‌ವೇರ್ ಹುಡುಗ ಎಂದೋ ಕೆಲಸ ಬಿಟ್ಟಿರುತ್ತಾನೆ. ‘ದಿಸ್ ಪಿಸಿ’ ತೆರೆದರೆ ಡ್ರೈವ್‌ನ ಹೆಸರಿನ ಜೊತೆಗೇ ಎರಡು ಹಿಂಗೆರೆಗಳ (\\) ನಂತರ ಯಂತ್ರದ ಹೆಸರು ಅಥವಾ ಐಪಿ ವಿಳಾಸ ಕಾಣುತ್ತದೆ. ಅದು ವಿಂಡೋಸ್ ಸರ್ವರೋ, ಮೂಲೆಯಲ್ಲಿರುವ ಮಾಮೂಲಿ ವಿಂಡೋಸ್ 10 ಕಂಪ್ಯೂಟರೋ, ನೆಟ್‌ವರ್ಕಿಗೆ ನೇರವಾಗಿ ಸಿಕ್ಕಿಸಿದ, ಹಸಿರು ದೀಪ ಮಿನುಗಿಸುವ ‘ನ್ಯಾಸ್’ ಎಂಬ ಡಿಸ್ಕ್ ಪೆಟ್ಟಿಗೆಯೋ ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ.

ಯಂತ್ರ ಯಾವುದೇ ಇರಲಿ, ಫೈಲನ್ನು ಅಳಿಸಿದವರು ಆ ಯಂತ್ರದ ಮುಂದೆಯೇ ಕೂತು ಅದರ ಡಿ ಡ್ರೈವ್‌ನಲ್ಲಿ ಅಳಿಸಿದ್ದರೆ ಬಿನ್‌ನಲ್ಲಿ ಸಿಗುತ್ತದೆ. ಅದೂ ಅಳಿಸಿದವರ ಲಾಗಿನ್‌ನಲ್ಲೇ ತೆರೆದು ನೋಡಬೇಕು, ಏಕೆಂದರೆ ಬಿನ್ ಒಬ್ಬೊಬ್ಬರಿಗೆ ಬೇರೆ ಬೇರೆ. ಲ್ಯಾಪ್‌ಟಾಪಿನಲ್ಲಿ ‘ಆಫ್‌ಲೈನ್ ಫೈಲ್ಸ್’ ಚಾಲೂ ಮಾಡಿಕೊಂಡ ಯಾರಾದರೂ ಊರಿಗೆ ಹೋಗಿದ್ದರೆ ಅವರಲ್ಲಿ ಹಳೆಯ ಪ್ರತಿ ಇರುವ ಸಾಧ್ಯತೆ ಇದೆ. ಕಚೇರಿಯ ವೈಫೈಗೆ ಸೇರಿದ ಕೂಡಲೇ ಅಲ್ಲೂ ಅಳಿದೀತು. ಮೊದಲು ಅವರಿಗೆ ಫೋನ್ ಮಾಡಿ. ಇನ್ನುಳಿದ ಜಾಗಗಳು ಎಲ್ಲರಿಗೂ ಗೊತ್ತಿರುವವೇ, ಆದರೆ ಗಾಬರಿಯಲ್ಲಿ ನೆನಪಾಗುವುದಿಲ್ಲ: ಕಳುಹಿಸಿದ ಇ-ಮೇಲ್‌ಗಳ ಅಟ್ಯಾಚ್‌ಮೆಂಟು, ವಾಟ್ಸ್‌ಆ್ಯಪ್ ಗುಂಪು, ಪ್ರೆಸ್ಸಿನವರಿಗೆ ಕೊಟ್ಟ ಪೆನ್ ಡ್ರೈವ್.

## ಶ್ಯಾಡೋ ಕಾಪಿ: ವಿಂಡೋಸ್ ಸರ್ವರಿನ ನಿಜವಾದ ಬಿನ್

ಯಂತ್ರ ವಿಂಡೋಸ್ ಸರ್ವರ್ ಆಗಿದ್ದರೆ, ಅದರಲ್ಲಿ ‘ಶ್ಯಾಡೋ ಕಾಪಿ’ ಚಾಲೂ ಇದ್ದರೆ, ಆತಂಕ ಪಡಬೇಕಾಗಿಲ್ಲ. 2003ರ ವಿಂಡೋಸ್ ಸರ್ವರಿನೊಂದಿಗೆ ಬಂದ ಈ ಸೌಲಭ್ಯ ಗೊತ್ತುಮಾಡಿದ ಹೊತ್ತಿಗೆ ಡಿಸ್ಕಿನ ಆಗಿನ ಸ್ಥಿತಿಯ ಒಂದು ‘ಚಿತ್ರ’ವನ್ನು ಗುರುತು ಮಾಡಿಟ್ಟುಕೊಳ್ಳುತ್ತದೆ. ಇಡೀ ಡಿಸ್ಕನ್ನು ನಕಲು ಮಾಡುವುದಿಲ್ಲ. ಆಮೇಲೆ ಯಾವುದಾದರೂ ತುಣುಕು ಬದಲಾಗುವಾಗ ಮಾತ್ರ, ಬದಲಾಗುವ ಮೊದಲು, ಹಳೆಯದನ್ನು 16 ಕೆಬಿಯ ಹೋಳುಗಳಾಗಿ ಪಕ್ಕಕ್ಕಿಡುತ್ತದೆ. ಅದಕ್ಕೇ ಕಡಿಮೆ ಜಾಗದಲ್ಲಿ ಹಲವು ವಾರಗಳ ಚಿತ್ರಗಳು ಹಿಡಿಸುತ್ತವೆ.

ಇದನ್ನು ಬಳಸುವ ವಿಧಾನದಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಅಳಿದ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಲು ಫೈಲೇ ಇಲ್ಲವಲ್ಲ! ಅದು ಇದ್ದ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ‘ಪ್ರೀವಿಯಸ್ ವರ್ಷನ್ಸ್’ ಎಂಬ ಹಾಳೆ ತೆರೆಯಬೇಕು. ಫೋಲ್ಡರೂ ಹೋಗಿದ್ದರೆ ಅದರ ಮೇಲಿನದು. ತಾರೀಖು, ಗಂಟೆಗಳ ಪಟ್ಟಿ ಬರುತ್ತದೆ. ಅಲ್ಲಿ ‘ಓಪನ್’ ಮತ್ತು ‘ರಿಸ್ಟೋರ್’ ಎರಡೂ ಇರುತ್ತವೆ. ರಿಸ್ಟೋರ್ ಒತ್ತಿದರೆ ಇಡೀ ಫೋಲ್ಡರು ಆ ದಿನದ ಸ್ಥಿತಿಗೆ ಹಿಂದೆ ಸರಿಯುತ್ತದೆ. ಮಿಕ್ಕವರು ಆಮೇಲೆ ತಿದ್ದಿದ ಫೈಲುಗಳ ಮೇಲೆ ಹಳೆಯವು ಬಂದು ಕೂರುತ್ತವೆ. ಒಬ್ಬರ ಫೈಲು ಉಳಿಸಲು ಹೋಗಿ ನಾಲ್ವರ ಕೆಲಸ ಕಳೆದಂತಾಗುತ್ತದೆ. ಓಪನ್ ಒತ್ತಿ, ಬೇಕಾದ ಒಂದನ್ನು ಕಾಪಿ ಮಾಡಿ, ಈಚೆ ತಂದು ಪೇಸ್ಟ್ ಮಾಡುವುದೇ ಸರಿಯಾದ ದಾರಿ.

ಸರ್ವರಿನಲ್ಲಿ ಶ್ಯಾಡೋ ಕಾಪಿ ಚಾಲೂ ಮಾಡಿದಾಗ ಅದು ತಾನಾಗಿ ಇಟ್ಟುಕೊಳ್ಳುವ ವೇಳಾಪಟ್ಟಿ ಸೋಮವಾರದಿಂದ ಶುಕ್ರವಾರದವರೆಗೆ, ಬೆಳಿಗ್ಗೆ 7 ಮತ್ತು ಮಧ್ಯಾಹ್ನ 12. ಇದು ಅಮೆರಿಕದ ಕಚೇರಿ ಪದ್ಧತಿ. ನಮ್ಮಲ್ಲಿ ಶನಿವಾರವೂ ದುಡಿಯುವ ಕಚೇರಿಗಳೇ ಹೆಚ್ಚು. ಶನಿವಾರ ಬೆಳಿಗ್ಗೆ ಮಾಡಿದ ಫೈಲನ್ನು ಶನಿವಾರ ಸಂಜೆ ಅಳಿಸಿದರೆ ಯಾವ ಚಿತ್ರದಲ್ಲೂ ಅದು ಇರುವುದಿಲ್ಲ. ಮಿಕ್ಕ ದಿನಗಳಲ್ಲೂ ಊಟದ ನಂತರದ ಕೆಲಸಕ್ಕೆ ಮಾರನೆಯ ಬೆಳಗಿನವರೆಗೆ ರಕ್ಷಣೆ ಇಲ್ಲ. ಗಂಟೆಗೊಂದಕ್ಕಿಂತ ಹೆಚ್ಚು ಚಿತ್ರ ತೆಗೆಯಬೇಡಿ ಎಂಬುದು ಮೈಕ್ರೋಸಾಫ್ಟ್‌ನ ಸಲಹೆ. ಅಷ್ಟರವರೆಗೂ ಹೋಗಬೇಕಿಲ್ಲ, ಶನಿವಾರವನ್ನು ಸೇರಿಸಿ, ಸಂಜೆ 4 ಗಂಟೆಯದೊಂದನ್ನು ಹೆಚ್ಚಿಸಿದರೆ ಮುಕ್ಕಾಲು ಪಾಲು ಗೋಳು ತಪ್ಪುತ್ತದೆ.

ಒಂದು ಡ್ರೈವ್‌ಗೆ ಇಂಥ ಚಿತ್ರಗಳು 64 ಮಾತ್ರ. ದಿನಕ್ಕೆ ಎರಡರಂತೆ ವಾರಕ್ಕೆ ಹತ್ತು ಎಂದರೆ ಆರು ವಾರಗಳಷ್ಟು ಹಿಂದಕ್ಕೆ ಹೋಗಬಹುದು. ಅದರ ಮೊದಲೇ ಮೀಸಲಿಟ್ಟ ಜಾಗ ತುಂಬಿದರೆ ಹಳೆಯವು ಸದ್ದಿಲ್ಲದೆ ಹೋಗುತ್ತವೆ. ಮೊದಲಿಗೆ ಗೊತ್ತಾಗಿರುವ ಮಿತಿ ಡಿಸ್ಕಿನ ಶೇ. 10. ದೊಡ್ಡ ದೊಡ್ಡ ಫೋಟೊ, ವಿಡಿಯೊಗಳನ್ನು ದಿನವೂ ಅದಲುಬದಲು ಮಾಡುವ ಕಡೆ ಅದು ವಾರದಲ್ಲೇ ತುಂಬಬಹುದು.

ಶ್ಯಾಡೋ ಕಾಪಿಯನ್ನು ಬ್ಯಾಕಪ್ ಎಂದು ನಂಬಿ ಕೂರುವ ಹಾಗಿಲ್ಲ, ಏಕೆಂದರೆ ಅದು ಇರುವುದು ಸಾಮಾನ್ಯವಾಗಿ ಅದೇ ಡಿಸ್ಕಿನ ಮೇಲೆ. 2017ರ ಮೇ ತಿಂಗಳಲ್ಲಿ ಜಗತ್ತಿನ ತುಂಬ ಹಬ್ಬಿದ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಫೈಲುಗಳಿಗೆ ಬೀಗ ಹಾಕುವುದರ ಜೊತೆಗೆ ಶ್ಯಾಡೋ ಕಾಪಿಗಳನ್ನೂ ಅಳಿಸಿಹಾಕುತ್ತಿತ್ತು. ಒಂದನ್ನೇ ಎರಡು ಡಿಸ್ಕುಗಳಲ್ಲಿ ಬರೆಯುವ ‘ರೇಡ್’ ವ್ಯವಸ್ಥೆ ಇರುವವರದೂ ಇದೇ ಕಥೆ. ‘ನಮ್ಮದು ಎರಡು ಡಿಸ್ಕಿನ ಸರ್ವರ್, ಒಂದು ಹೋದರೂ ಇನ್ನೊಂದರಲ್ಲಿ ಇರುತ್ತದೆ’ ಎನ್ನುತ್ತಾರೆ. ಡಿಸ್ಕು ಸುಟ್ಟರೆ ಆ ಮಾತು ಸರಿ. ಫೈಲು ಅಳಿಸಿದರೆ ಎರಡೂ ಡಿಸ್ಕುಗಳಲ್ಲಿ ಒಂದೇ ಕ್ಷಣಕ್ಕೆ ಅಳಿಯುತ್ತದೆ.

ಯಂತ್ರ ಸರ್ವರ್ ಅಲ್ಲದೆ ಸಾದಾ ವಿಂಡೋಸ್ ಕಂಪ್ಯೂಟರೇ ಆಗಿದ್ದರೆ ಕಥೆ ಸ್ವಲ್ಪ ಬಡವಾಗುತ್ತದೆ. ‘ಫೈಲ್ ಹಿಸ್ಟರಿ’ಯನ್ನು ಮೊದಲೇ ಚಾಲೂ ಮಾಡಿ, ಹೊರಗಿನ ಡಿಸ್ಕ್ ಸಿಕ್ಕಿಸಿ, ಶೇರ್ ಆದ ಫೋಲ್ಡರನ್ನು ಅದರ ಪಟ್ಟಿಗೆ ಸೇರಿಸಿದ್ದರೆ ಗಂಟೆಗೊಂದು ಪ್ರತಿ ಸಿಗುತ್ತದೆ. ಇಲ್ಲದಿದ್ದರೆ ಪ್ರೀವಿಯಸ್ ವರ್ಷನ್ಸ್ ಹಾಳೆ ಖಾಲಿ ಇರುವುದೇ ಹೆಚ್ಚು.

## ನ್ಯಾಸ್ ಪೆಟ್ಟಿಗೆಯ ಅಡಗಿದ ಫೋಲ್ಡರು

ಸಿನಾಲಜಿ, ಕ್ಯೂನ್ಯಾಪ್ ಮುಂತಾದ ನ್ಯಾಸ್ ಪೆಟ್ಟಿಗೆಗಳ ಒಳಗೆ ಇರುವುದು ಲಿನಕ್ಸ್. ವಿಂಡೋಸ್‌ನೊಂದಿಗೆ ಮಾತಾಡುವ ಕೆಲಸ ‘ಸಾಂಬಾ’ ಎಂಬ ಮುಕ್ತ ತಂತ್ರಾಂಶದ್ದು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಆ್ಯಂಡ್ರೂ ಟ್ರಿಜೆಲ್ 1991-92ರಲ್ಲಿ ಅದನ್ನು ಬರೆಯಲು ಶುರುಮಾಡಿದರು. ನೆಟ್‌ವೇರ್ ಮಾಡುತ್ತಿದ್ದಂತೆ ಸರ್ವರ್ ತಾನೇ ಅಳಿಸುವಿಕೆಯನ್ನು ತಡೆದು ಫೈಲನ್ನು ಬೇರೆ ಕಡೆ ಇಡುವ ವ್ಯವಸ್ಥೆ ಸಾಂಬಾದಲ್ಲಿ ಇದೆ. ಸಂರಚನಾ ಫೈಲಿನಲ್ಲಿ ಆ ಶೇರ್‌ಗೆ ‘ರಿಸೈಕಲ್’ ಎಂಬ ಘಟಕವನ್ನು ಸೇರಿಸಿದರೆ, ‘ಅಳಿಸು’ ಎಂದು ಯಾವ ಕಂಪ್ಯೂಟರಿನಿಂದ ಆಜ್ಞೆ ಬಂದರೂ ಫೈಲು ಚುಕ್ಕಿಯಿಂದ ಶುರುವಾಗುವ ‘.ರಿಸೈಕಲ್’ ಫೋಲ್ಡರಿಗೆ ಹೋಗಿ ಕೂರುತ್ತದೆ. ಚುಕ್ಕಿಯ ಹೆಸರಾದ್ದರಿಂದ ವಿಂಡೋಸ್‌ನಲ್ಲಿ ಅದು ಅಡಗಿರುತ್ತದೆ. ಎಷ್ಟೋ ಸಲ ಫೈಲು ಅಲ್ಲೇ ಇದ್ದರೂ ಯಾರಿಗೂ ಕಾಣದೆ ಉಳಿಯುವುದು ಈ ಕಾರಣಕ್ಕೆ.

ಸಿನಾಲಜಿಯಲ್ಲಿ ಇದೇ ಫೋಲ್ಡರಿನ ಹೆಸರು ‘#ರಿಸೈಕಲ್’, ಕ್ಯೂನ್ಯಾಪ್‌ನಲ್ಲಿ ‘@ರಿಸೈಕಲ್’. ಸಿನಾಲಜಿಯಲ್ಲಿ ಅದನ್ನು ಒಂದೊಂದು ಶೇರ್‌ಗೂ ಬೇರೆ ಬೇರೆಯಾಗಿ ಚಾಲೂ ಮಾಡಬೇಕು. ಬಿನ್ ಅಡ್ಮಿನ್‌ಗಳಿಗೆ ಮಾತ್ರ ಎಂದು ನಿರ್ಬಂಧಿಸಿದ್ದರೆ ಸಾಮಾನ್ಯ ಲಾಗಿನ್‌ನಿಂದ ತೆರೆಯಲು ಬರುವುದಿಲ್ಲ, ಪಾಸ್‌ವರ್ಡ್ ಇರುವವರನ್ನು ಹುಡುಕಬೇಕು. ಇವತ್ತು ಚಾಲೂ ಮಾಡಿದರೆ ಇವತ್ತಿನಿಂದ ಅಳಿಸಿದ್ದು ಮಾತ್ರ ಸಿಗುತ್ತದೆ. ನಿನ್ನೆಯದಕ್ಕೆ ಅದು ಉಪಯೋಗವಿಲ್ಲ.

ಲಿನಕ್ಸ್ ಯಂತ್ರದಲ್ಲಿ ಸಾಂಬಾವನ್ನು ತಾವೇ ಹಾಕಿಕೊಳ್ಳುವವರು ಮೂರು ಅಂಶ ಗಮನಿಸಬೇಕು. ‘ಕೀಪ್‌ಟ್ರೀ’ ಎಂಬ ಆಯ್ಕೆ ಇಲ್ಲದಿದ್ದರೆ ಎಲ್ಲ ಫೋಲ್ಡರುಗಳ ಫೈಲುಗಳೂ ಒಂದೇ ರಾಶಿಯಾಗಿ ಬೀಳುತ್ತವೆ, ಯಾವ ‘ಬಿಲ್.ಎಕ್ಸ್‌ಎಲ್‌ಎಸ್‌ಎಕ್ಸ್’ ಯಾರದು ಎಂದು ಹೇಳುವುದು ಕಷ್ಟ. ‘ವರ್ಷನ್ಸ್’ ಇಲ್ಲದಿದ್ದರೆ ಅದೇ ಹೆಸರಿನ ಇನ್ನೊಂದು ಫೈಲು ಬಂದಾಗ ಹಿಂದಿನದು ಹೋಗುತ್ತದೆ. ಮೂರನೆಯದಾಗಿ, ಈ ಫೋಲ್ಡರು ತಾನಾಗಿ ಖಾಲಿಯಾಗುವುದಿಲ್ಲ. ಇಂತಿಷ್ಟು ದಿನ ಹಳೆಯದಾದದ್ದನ್ನು ತೆಗೆದುಹಾಕುವ ಕೆಲಸವನ್ನು ‘ಕ್ರಾನ್’ ಎಂಬ ಲಿನಕ್ಸ್‌ನ ವೇಳಾಪಟ್ಟಿ ಸೌಲಭ್ಯಕ್ಕೆ ವಹಿಸದಿದ್ದರೆ ಒಂದು ದಿನ ಡಿಸ್ಕ್ ತುಂಬಿದೆ ಎಂಬ ಸಂದೇಶ ಬರುತ್ತದೆ, ಎಲ್ಲಿ ತುಂಬಿದೆ ಎಂದು ಮಾತ್ರ ಕಾಣುವುದಿಲ್ಲ.

## ರಿಕವರಿ ತಂತ್ರಾಂಶ ಎಷ್ಟು ದೂರ?

ಮೇಲಿನ ಯಾವುದೂ ಇಲ್ಲವೆಂದರೆ ಜನ ರಿಕವರಿ ತಂತ್ರಾಂಶ ಡೌನ್‌ಲೋಡ್ ಮಾಡಿ ತಮ್ಮ ಕಂಪ್ಯೂಟರಿನಲ್ಲೇ ಹಾಕಿ, ಝಡ್ ಡ್ರೈವ್ ಆಯ್ಕೆ ಮಾಡಲು ಹೋಗುತ್ತಾರೆ. ಪಟ್ಟಿಯಲ್ಲಿ ಝಡ್ ಕಾಣುವುದೇ ಇಲ್ಲ. ಇಂಥ ತಂತ್ರಾಂಶಗಳು ಡಿಸ್ಕಿನ ಹಸಿ ತುಣುಕುಗಳನ್ನು ನೇರವಾಗಿ ಓದಬೇಕು. ಎಸ್‌ಎಂಬಿ ಅವಕ್ಕೆ ಫೈಲುಗಳನ್ನು ತೋರಿಸುತ್ತದೆಯೇ ಹೊರತು ಡಿಸ್ಕನ್ನು ತೋರಿಸುವುದಿಲ್ಲ. ಸರ್ವರ್ ಯಂತ್ರದ ಮೇಲೆಯೇ, ಅದೂ ಬೇರೆ ಡ್ರೈವ್‌ನಲ್ಲಿ ತಂತ್ರಾಂಶವನ್ನು ಹಾಕಿ ನಡೆಸಬೇಕು. ಸಿಕ್ಕಿದ್ದನ್ನು ಉಳಿಸುವುದೂ ಮೂರನೆಯ ಕಡೆ.

ಎನ್‌ಟಿಎಫ್‌ಎಸ್‌ನಲ್ಲಿ ಅಳಿಸುವುದೆಂದರೆ ಫೈಲಿನ ದಾಖಲೆಗೆ ‘ಈಗ ಬಳಕೆಯಲ್ಲಿಲ್ಲ’ ಎಂದು ಗುರುತು ಹಾಕಿ, ಜಾಗವನ್ನು ಖಾಲಿ ಎಂದು ಬರೆದುಕೊಳ್ಳುವುದು. ಹೊಸದು ಬಂದು ಕೂರುವ ತನಕ ಹಳೆಯದು ಇದ್ದೇ ಇರುತ್ತದೆ. ತಿರುಗುವ ಹಾರ್ಡ್ ಡಿಸ್ಕುಗಳಲ್ಲಿ ಈ ಆಸೆಗೆ ಆಧಾರ ಉಂಟು. ಎಸ್‌ಎಸ್‌ಡಿಯಲ್ಲಿ ಕಡಿಮೆ. ವಿಂಡೋಸ್ 7ರಿಂದ ಈಚೆಗೆ ಫೈಲು ಅಳಿದ ಕೂಡಲೇ ‘ಟ್ರಿಮ್’ ಎಂಬ ಸೂಚನೆ ಎಸ್‌ಎಸ್‌ಡಿಗೆ ಹೋಗುತ್ತದೆ, ಅದು ಆ ಜಾಗವನ್ನು ನಿಜವಾಗಿಯೂ ಒರೆಸಿಬಿಡುತ್ತದೆ. ಆಮೇಲೆ ಎಷ್ಟು ದುಡ್ಡು ಸುರಿದರೂ ಬರುವುದು ಅಪರೂಪ.

ಫೈಲಿನ ದಾಖಲೆಯೂ ಅಳಿದಿದ್ದರೆ ಫೋಟೊರೆಕ್‌ನಂಥ ತಂತ್ರಾಂಶಗಳು ಒಡಲಿನ ಗುರುತು ನೋಡಿ ಫೈಲುಗಳನ್ನು ಎತ್ತಿಕೊಡುತ್ತವೆ. ಹೆಸರು ಮಾತ್ರ ಬರುವುದಿಲ್ಲ. ‘ಎಫ್’ ಅಕ್ಷರದ ಮುಂದೆ ಏಳೆಂಟು ಅಂಕಿ ಇರುವ ಸಾವಿರಾರು ಫೈಲುಗಳು ಒಂದೇ ರಾಶಿಯಲ್ಲಿ. ಅದರಲ್ಲಿ ಬೇಕಾದದ್ದನ್ನು ಒಳಗಿನ ಪದ ಹಿಡಿದು ಹುಡುಕುತ್ತೇವೆ ಎಂದರೆ ಕನ್ನಡದವರಿಗೆ ಇನ್ನೊಂದು ತೊಡಕು. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ದಾಖಲೆಯೊಳಗೆ ಇರುವುದು ಕನ್ನಡದ ಯುನಿಕೋಡ್ ಅಕ್ಷರಗಳಲ್ಲ, ಲ್ಯಾಟಿನ್ ಸಂಕೇತಗಳು. ಅವಕ್ಕೆ ಕನ್ನಡದ ವೇಷ ತೊಡಿಸುವುದು ಫಾಂಟು. ಹುಡುಕು ಪೆಟ್ಟಿಗೆಯಲ್ಲಿ ಯುನಿಕೋಡ್‌ನಲ್ಲಿ ‘ಗ್ರಾಮಸಭೆ’ ಎಂದು ಹೊಡೆದರೆ ಒಂದೂ ಸಿಗದು. ಕೀಲಿಮಣೆ ತಂತ್ರಾಂಶವನ್ನು ಹಳೆಯ ಫಾಂಟಿನ ಮೋಡ್‌ಗೆ ತಿರುಗಿಸಿಕೊಂಡು ಅದೇ ಪದವನ್ನು ಹೊಡೆದರೆ ಪೆಟ್ಟಿಗೆಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮೂಡುತ್ತವೆ, ಫೈಲು ಸಿಗುತ್ತದೆ. ಗ್ರಾಮ ಪಂಚಾಯಿತಿ, ನೋಂದಣಿ ಪತ್ರ ಬರೆಯುವವರು, ಮದುವೆ ಪತ್ರಿಕೆ ಮಾಡುವವರು ಇವರ ಹಳೆಯ ಕೆಲಸವೆಲ್ಲ ಈ ರೂಪದಲ್ಲೇ ಇದೆ.

## ಝಡ್ ಡ್ರೈವ್‌ಗೂ ಬಿನ್ ಕೊಡುವ ಒಂದು ಯುಕ್ತಿ

ಡಾಕ್ಯುಮೆಂಟ್ಸ್ ಫೋಲ್ಡರನ್ನು ಸರ್ವರಿಗೆ ತಿರುಗಿಸಿದ ಕಚೇರಿಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ: ನೆಟ್‌ವರ್ಕ್ ಮೇಲೆಯೇ ಇದ್ದರೂ ಅಲ್ಲಿಂದ ಅಳಿಸಿದ್ದು ಬಿನ್‌ಗೆ ಹೋಗುತ್ತದೆ. ಬಳಕೆದಾರರ ಸ್ವಂತ ಫೋಲ್ಡರುಗಳಿಗೆ ವಿಂಡೋಸ್ ಈ ರಿಯಾಯಿತಿ ಕೊಟ್ಟಿದೆ. ಇದನ್ನೇ ಹಿಡಿದು ಕೆಲವರು, ತಾವು ಬಳಸದ ‘ಸೇವ್ಡ್ ಗೇಮ್ಸ್’ನಂಥ ಫೋಲ್ಡರಿನ ಪ್ರಾಪರ್ಟೀಸ್‌ಗೆ ಹೋಗಿ, ‘ಲೊಕೇಷನ್’ ಹಾಳೆಯಲ್ಲಿ ಝಡ್ ಡ್ರೈವ್‌ನ ವಿಳಾಸ ಕೊಡುತ್ತಾರೆ. ಆಮೇಲೆ ಶೇರ್‌ನಲ್ಲೇ ಒಂದು ಅಡಗಿದ ಬಿನ್ ಹುಟ್ಟುತ್ತದೆ. ಕೆಲಸ ನಡೆಯುತ್ತದೆ, ಆದರೆ ಆ ಒಂದು ಕಂಪ್ಯೂಟರಿನ, ಆ ಒಬ್ಬ ಬಳಕೆದಾರರ ಮಟ್ಟಿಗೆ. ಪಕ್ಕದ ಮೇಜಿನವರು ಅಳಿಸಿದ್ದಕ್ಕೆ ಇಲ್ಲ. ಇಬ್ಬರು ಕೂರುವ ಕಚೇರಿಗೆ ಸರಿ, ಇಪ್ಪತ್ತು ಜನರ ಕಡೆ ಇದನ್ನು ನಂಬಿದರೆ ಲೆಕ್ಕ ತಪ್ಪುತ್ತದೆ.

ಮೋಡದ ಮೇಲಿನ ಸಂಗ್ರಹದಲ್ಲಿ ಈ ಚಿಂತೆ ಕಡಿಮೆ. ಅಲ್ಲಿ ಬಿನ್ ಸೇವೆಯ ಭಾಗವೇ ಆಗಿದೆ: ಗೂಗಲ್ ಡ್ರೈವ್ 30 ದಿನ, ವೈಯಕ್ತಿಕ ಒನ್‌ಡ್ರೈವ್ 30 ದಿನ, ಕಚೇರಿಗಳ ಒನ್‌ಡ್ರೈವ್ ಮತ್ತು ಶೇರ್‌ಪಾಯಿಂಟ್ 93 ದಿನ. ಗೂಗಲ್ 2020ರ ಅಕ್ಟೋಬರ್‌ವರೆಗೆ ನಾವಾಗಿ ಖಾಲಿ ಮಾಡುವ ತನಕ ಇಟ್ಟುಕೊಳ್ಳುತ್ತಿತ್ತು. ಹಳೆಯ ಅಭ್ಯಾಸದಲ್ಲಿ ‘ಅಲ್ಲೇ ಇರುತ್ತದೆ ಬಿಡಿ’ ಎನ್ನುವವರು ಇನ್ನೂ ಇದ್ದಾರೆ.

## ಅಳಿಸುವ ಹಕ್ಕು, ಅಳಿಸಿದವರ ಹೆಸರು

ಇಷ್ಟೆಲ್ಲ ಪಾಡು ಪಟ್ಟ ಮೇಲೆ ಯಜಮಾನರು ಕೇಳುವುದು ಎರಡೇ. ಒಂದು, ಯಾರಿಗೂ ಅಳಿಸಲು ಬಾರದಂತೆ ಮಾಡಿಬಿಡಿ. ವಿಂಡೋಸ್‌ನ ಅನುಮತಿಗಳಲ್ಲಿ ಅಳಿಸುವ ಹಕ್ಕನ್ನು ಬೇರೆಯಾಗಿ ತೆಗೆಯಲು ಬರುತ್ತದೆ ನಿಜ. ಆದರೆ ವರ್ಡ್‌ನಂಥ ತಂತ್ರಾಂಶ ಫೈಲು ಉಳಿಸುವಾಗ ಹಳೆಯದರ ಮೇಲೆ ಬರೆಯುವುದಿಲ್ಲ. ಪಕ್ಕದಲ್ಲಿ ತಾತ್ಕಾಲಿಕ ಫೈಲೊಂದನ್ನು ಬರೆದು, ಹಳೆಯದನ್ನು ಅಳಿಸಿ, ಹೊಸದಕ್ಕೆ ಹಳೆಯ ಹೆಸರು ಕೊಡುತ್ತದೆ. ಅಳಿಸುವ ಹಕ್ಕು ತೆಗೆದ ಮರುದಿನವೇ ‘ಸೇವ್ ಆಗ್ತಿಲ್ಲ’ ಎಂಬ ಕೂಗು, ಫೋಲ್ಡರಿನ ತುಂಬ ವಿಚಿತ್ರ ಹೆಸರಿನ ತಾತ್ಕಾಲಿಕ ಫೈಲುಗಳು. ಮುಗಿದ ವರ್ಷಗಳ ದಾಖಲೆಗಳನ್ನು ಬೇರೆ ಶೇರ್‌ಗೆ ಸಾಗಿಸಿ ಅದನ್ನು ಓದಲು ಮಾತ್ರ ಎಂದು ಮಾಡುವುದು ಇದಕ್ಕಿಂತ ವಾಸಿ.

ಎರಡನೆಯ ಪ್ರಶ್ನೆ, ಮಾಡಿದ್ದು ಯಾರು? ಇದಕ್ಕೂ ಮೊದಲೇ ಏರ್ಪಾಡು ಬೇಕು. ಸರ್ವರಿನ ಪಾಲಿಸಿಯಲ್ಲಿ ಫೈಲ್ ಆಡಿಟ್ ಚಾಲೂ ಮಾಡಿ, ಆ ಫೋಲ್ಡರಿನ ಭದ್ರತೆಯ ಹಾಳೆಯಲ್ಲೂ ‘ಅಳಿಸುವಿಕೆಯನ್ನು ದಾಖಲಿಸು’ ಎಂದು ಹೇಳಿರಬೇಕು; ಎರಡರಲ್ಲಿ ಒಂದು ತಪ್ಪಿದರೂ ದಾಖಲೆ ಇಲ್ಲ. ಚಾಲೂ ಇದ್ದರೆ ಸೆಕ್ಯುರಿಟಿ ಲಾಗ್‌ನಲ್ಲಿ 4660 ಎಂಬ ಸಂಖ್ಯೆಯ ಘಟನೆ ಏನೋ ಒಂದು ಅಳಿದಿದೆ ಎನ್ನುತ್ತದೆ, ಯಾವುದು ಎಂದು ಹೇಳುವುದಿಲ್ಲ. ಅದರಲ್ಲಿರುವ ಹ್ಯಾಂಡಲ್ ಸಂಖ್ಯೆಯನ್ನು ಸ್ವಲ್ಪ ಮೇಲಿರುವ 4663ರ ಘಟನೆಗಳ ಜೊತೆ ತಾಳೆ ನೋಡಿದರೆ ಫೈಲಿನ ಹೆಸರೂ ಬಳಕೆದಾರರ ಹೆಸರೂ ಸಿಗುತ್ತವೆ. ಈ ಲಾಗ್‌ಗೆ ಮೊದಲಿಗೆ ಇರುವ ಗಾತ್ರ 20 ಎಂಬಿ. ಫೈಲ್ ಆಡಿಟ್ ಹಾಕಿದ ಸರ್ವರಿನಲ್ಲಿ ಅದು ಬೇಗ ತುಂಬಿ ಹಳೆಯದರ ಮೇಲೆ ಹೊಸದು ಬರುತ್ತದೆ, ಹಾಗಾಗಿ ಗಾತ್ರವನ್ನೂ ಅದೇ ದಿನ ಹೆಚ್ಚಿಸಬೇಕು.

ಇಷ್ಟಾದರೂ ಸಣ್ಣ ಕಚೇರಿಗಳಲ್ಲಿ ಕೊನೆಗೆ ಸಿಗುವ ಹೆಸರು ‘ಆಫೀಸ್’ ಎಂದೋ ‘ಯೂಸರ್1’ ಎಂದೋ ಇರುತ್ತದೆ, ಏಕೆಂದರೆ ಐದೂ ಕಂಪ್ಯೂಟರುಗಳು ಸರ್ವರಿಗೆ ಒಂದೇ ಲಾಗಿನ್‌ನಿಂದ ಸೇರಿರುತ್ತವೆ. ಆಗ ನೋಡಬೇಕಾದ್ದು 5145ರ ಘಟನೆ. ಅದನ್ನು ಬೇರೆಯಾಗಿ ಚಾಲೂ ಮಾಡಿದ್ದರೆ ಆಜ್ಞೆ ಯಾವ ಐಪಿ ವಿಳಾಸದಿಂದ ಬಂತು ಎಂದು ಅದು ತೋರಿಸುತ್ತದೆ. ರೌಟರ್ ದಿನಕ್ಕೊಂದು ವಿಳಾಸ ಹಂಚುವ ಕಡೆ ಆ ದಿನ ಆ ವಿಳಾಸ ಯಾವ ಮೇಜಿನದಾಗಿತ್ತು ಎಂದು ರೌಟರಿನ ಪಟ್ಟಿಯಲ್ಲಿ ಮತ್ತೆ ಹುಡುಕಬೇಕು.